ಶೋರೂಂ, ಹುಬ್ಬಳ್ಳಿ, ಪಂಪ್ ರೂಂ, ಕೌಲ್ ಬಜಾರ್: ಒಂದೇ ರಿಪೇರಿ, ನಾಲ್ಕು ಕಡೆ

ನನ್ನದು ಬಿಎಸ್ 6 (ಹೊಗೆ ಮಾಲಿನ್ಯದ ಹೊಸ ನಿಯಮ) ಡೀಸೆಲ್ ಕಾರು. ಬಿಸಿಲಲ್ಲಿ ಏರು ಹತ್ತುವಾಗ, ಇಲ್ಲವೇ ಲಾರಿಯನ್ನು ಹಿಂದೆ ಹಾಕುವಾಗ ಪಿಕಪ್ ಒಮ್ಮೆಲೇ ಹೋಗುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ ಎಳೆಯುತ್ತಿರಲಿಲ್ಲ. ಮೀಟರಿನಲ್ಲಿ ಎಂಜಿನ್ ಲೈಟು ಬರುತ್ತಿತ್ತು. ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಮತ್ತೆ ಸರಿಯಾಗಿ ಓಡುತ್ತಿತ್ತು. ಆಮೇಲಾಮೇಲೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರು) ಲೈಟೂ ಜೊತೆಗೂಡಿತು.

ಕುಡತಿನಿಯಿಂದ ತೋರಣಗಲ್ಲಿನ ಕಡೆ ಹೋಗುವಾಗ, ಹಿಂದೆ ಅದಿರು ಲಾರಿ ಬರುತ್ತಿರುವಾಗ ಹೀಗಾದರೆ ಎಷ್ಟು ಭಯ ಆಗುತ್ತದೆ ಅಂತ ಆ ರಸ್ತೆಯಲ್ಲಿ ಓಡಾಡುವವರಿಗೆ ಹೇಳಬೇಕಿಲ್ಲ. ಹಿಂದಿನ ಸೀಟಲ್ಲಿ ಮಕ್ಕಳಿದ್ದರಂತೂ ಕೈ ನಡುಗುತ್ತದೆ. ಅದಕ್ಕೇ ನಾನು ಇದನ್ನು ಸುಮ್ನೆ ಬಿಡಲಿಲ್ಲ. ಬಳ್ಳಾರಿಯ ಕಂಪನಿ ಶೋರೂಂ, ಅದೇ ಕಂಪನಿಯ ಹುಬ್ಬಳ್ಳಿ ವರ್ಕ್‌ಶಾಪ್, ಡೀಸೆಲ್ ಪಂಪು ರಿಪೇರಿ ಮಾಡುವ ಒಂದು ಪಂಪ್ ರೂಂ, ಕೊನೆಗೆ ಕೌಲ್ ಬಜಾರ್ ಕಡೆಯ ಒಂದು ಗ್ಯಾರೇಜು, ಇಷ್ಟೂ ಕಡೆ ಗಾಡಿ ಬಿಟ್ಟೆ. ನಾಲ್ಕೂ ಕಡೆ ನೋಡಿದ ಮೇಲೆ ನನಗೆ ಒಂದು ಖಾತ್ರಿಯಾಗಿದೆ. ಬಿಲ್ ಎಷ್ಟು, ಅಂಗಡಿ ಎಷ್ಟು ದೊಡ್ಡದು ಅನ್ನೋದು ಆಮೇಲಿನ ಮಾತು. ತೊಂದರೆ ಯಾವ ರಸ್ತೆಯಲ್ಲಿ ಬರುತ್ತದೋ ಆ ರಸ್ತೆಗೆ ನಮ್ಮ ಜೊತೆ ಯಾರು ಬರುತ್ತಾರೆ ಅನ್ನೋದು ಮೊದಲು.

ಮೊದಲು ಶೋರೂಂ. ಬೆಳಿಗ್ಗೆ ಗಾಡಿ ಕೊಟ್ಟರೆ ಸಂಜೆ ತೊಳೆದು ಕೊಡುತ್ತಾರೆ. ಕೂರಲು ಎಸಿ ರೂಮು, ಕುಡಿಯಲು ಕಾಫಿ, ಎಲ್ಲಾ ಚೆನ್ನಾಗಿದೆ. ಕಂಪನಿಯ ಸ್ಕ್ಯಾನರ್ ಅವರ ಹತ್ತಿರವೇ ಇದೆ. ಆದರೆ ಪ್ರತಿ ಸಲವೂ ಅದೇ ಕೆಲಸ ಆಯಿತು. ಸ್ಕ್ಯಾನರ್ ಹಾಕಿದರು, ತೊಂದರೆ ತೋರಿಸುವ ಕೋಡ್ ಅಳಿಸಿದರು, ಡಿಪಿಎಫ್‌ನ ಮಸಿ ಸುಟ್ಟರು, 'ಈಗ ಓಕೆ ಮೇಡಂ' ಅಂದರು. ಒಂದು ಸಲ ಸೆನ್ಸರ್ ಬದಲಿಸಿದರು. ಇನ್ನೊಂದು ಸಲ ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್) ಬಿಚ್ಚಿ ಸ್ವಚ್ಛ ಮಾಡಿದರು. ಎರಡಕ್ಕೂ ಬಿಲ್ ಬಂತು. ಕೆಲವೇ ದಿನಕ್ಕೆ ತೊಂದರೆಯೂ ವಾಪಸ್ ಬಂತು.

ಡಿಪಿಎಫ್ ಅಂದರೆ ಸೈಲೆನ್ಸರ್ ಲೈನಿನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರು. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂದ ಮೇಲೆ ಹೊಸ ಡೀಸೆಲ್ ಕಾರುಗಳಲ್ಲಿ ಇದು ಇದ್ದೇ ಇರುತ್ತದೆ. ಮಸಿ ತುಂಬಿದಾಗ ಎಂಜಿನ್ ಜಾಸ್ತಿ ಡೀಸೆಲ್ ಹಾಯಿಸಿ, ಫಿಲ್ಟರನ್ನು ಸುಮಾರು 600 ಡಿಗ್ರಿವರೆಗೆ ಕಾಯಿಸಿ ಆ ಮಸಿಯನ್ನು ತಾನೇ ಸುಟ್ಟುಹಾಕುತ್ತದೆ. ಅದಕ್ಕೆ ಗಾಡಿ ಹೈವೇಯಲ್ಲಿ ಒಂದೇ ಸಮನೆ ಸ್ವಲ್ಪ ಹೊತ್ತು ಓಡಬೇಕು. ರಾಯಲ್ ಸರ್ಕಲ್ಲಿನಿಂದ ಮನೆ, ಮನೆಯಿಂದ ಶಾಲೆ ಅಂತ ಊರೊಳಗೇ ತಿರುಗಿದರೆ ಮಸಿ ಉಳಿಯುತ್ತದೆ. ಶೋರೂಂನವರು ಇದನ್ನೇ ಹಿಡಿದುಕೊಂಡರು. 'ಸಿಟಿಯಲ್ಲಿ ಜಾಸ್ತಿ ಓಡಿಸ್ತೀರಿ, ಅದಕ್ಕೇ' ಅಂದರು. ನಾನು ವಾರವಿಡೀ ಹೈವೇಯಲ್ಲಿ ಸಂಡೂರಿಗೆ ಹೋಗಿ ಬರುವವಳು. ಅದನ್ನು ಹೇಳಿದೆ. ಜಾಬ್ ಕಾರ್ಡಿನಲ್ಲಿ, ಅಂದರೆ ತೊಂದರೆ ಮತ್ತು ಕೆಲಸ ಬರೆಯುವ ಹಾಳೆಯಲ್ಲಿ, ಅದು ಬರಲಿಲ್ಲ. ನನ್ನ ಗಂಡ ಜೊತೆಗೆ ಬಂದ ದಿನ ಶೋರೂಂನ ಸರ್ವಿಸ್ ಅಡ್ವೈಸರ್ ವಿವರ ಹೇಳಿದ್ದು ಅವರಿಗೆ. ಗಾಡಿ ಓಡಿಸುವುದು ನಾನು, ಪಿಕಪ್ ಹೋಗಿದ್ದು ನನ್ನ ಕಾಲಡಿ. ಇದು ನನಗೆ ನಿಜವಾಗಿಯೂ ಸಿಟ್ಟು ತರಿಸಿತು. ಓಡಿಸುವವರನ್ನು ಕೇಳದಿದ್ದರೆ ಇಂಥ ತೊಂದರೆ ಸಿಗುವುದು ಹೇಗೆ?

ಟೆಸ್ಟ್ ಡ್ರೈವ್ ಅಂತ ಅವರು ಹೋಗುತ್ತಿದ್ದುದು ವರ್ಕ್‌ಶಾಪಿನ ಸುತ್ತ ಒಂದು ರೌಂಡು. ತಣ್ಣಗಿನ ಎಂಜಿನ್, ಖಾಲಿ ಗಾಡಿ, ಸಮತಟ್ಟು ರಸ್ತೆ. ಅಲ್ಲಿ ಏನೂ ಕಾಣುವುದಿಲ್ಲ. ಕೊನೆಗೆ ಡಿಪಿಎಫ್ಫೇ ಬದಲಿಸಬೇಕು ಅಂದರು. ಹೇಳಿದ ರೇಟು ಲಕ್ಷ ದಾಟಿತ್ತು.

ಆಗ ಹುಬ್ಬಳ್ಳಿಗೆ ಹೋದೆ. ಬಳ್ಳಾರಿಯಿಂದ ಇನ್ನೂರು ಕಿಲೋಮೀಟರಿಗೂ ಜಾಸ್ತಿ. ಅಲ್ಲಿ ವಯಸ್ಸಾದ ಟೆಕ್ನಿಷಿಯನ್ ಒಬ್ಬರು ತಾಳ್ಮೆಯಿಂದ ಕೇಳಿದರು. ಏನೇನು ನೋಡಿದೆವು ಅಂತ ಜಾಬ್ ಕಾರ್ಡಿನಲ್ಲಿ ಸಾಲು ಸಾಲಾಗಿ ಬರೆದುಕೊಟ್ಟರು. ಎಂಜಿನ್ ಸಾಫ್ಟ್‌ವೇರ್ ಅಪ್‌ಡೇಟ್ ಆಗಿರಲಿಲ್ಲ, ಅದನ್ನೂ ಮಾಡಿದರು. ಬಳ್ಳಾರಿಯಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಡಿಪಿಎಫ್ ಬದಲಿಸುವ ಅಗತ್ಯ ಈಗ ಕಾಣುವುದಿಲ್ಲ ಅಂತಲೂ ಬರೆದರು. ಆ ಒಂದು ಸಾಲಿಗೇ ನನ್ನ ಡೀಸೆಲ್ ಖರ್ಚು ವಸೂಲಾಯಿತು. ಆದರೆ ಪಿಕಪ್ ಹೋಗುವುದು ನಿಲ್ಲಲಿಲ್ಲ. ಸಂಜೆ ತಂಪಿನಲ್ಲಿ ಓಡಿಸಿ ನೋಡಿದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು? ಮತ್ತೆ ಮತ್ತೆ ಅಷ್ಟು ದೂರ ಹೋಗುವುದೂ ಆಗದ ಮಾತು.

ಪಂಪ್ ರೂಂ ಬಗ್ಗೆ ಹೇಳುವುದು ಕಡಿಮೆ. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ ಟೆಸ್ಟ್ ಮಾಡಿದರು, ಎಲ್ಲಾ ಸರಿ ಇದೆ ಅಂದರು, ಟೆಸ್ಟಿನ ದುಡ್ಡು ಮಾತ್ರ ತೆಗೆದುಕೊಂಡರು. ಸರಿ ಇರುವುದನ್ನು ಸರಿ ಇದೆ ಅನ್ನುವ ಅಂಗಡಿ ಸಿಗುವುದೇ ಕಷ್ಟ. ಡೀಸೆಲ್ ಲೈನಿನ ಕೆಲಸ ಇದ್ದರೆ ಇವರ ಹತ್ತಿರ ಮತ್ತೆ ಹೋಗುತ್ತೇನೆ.

ಕೌಲ್ ಬಜಾರಿನ ಗ್ಯಾರೇಜು ನಡೆಸುವವರು ಅಪ್ಪ ಮತ್ತು ಮಗ. ಅಪ್ಪನನ್ನು ಎಲ್ಲರೂ ಚಾಚಾ ಅಂತಾರೆ. ಅವರು ಬಾನೆಟ್ ತೆಗೆಯುವ ಮೊದಲು ಕೇಳಿದ ಪ್ರಶ್ನೆಗಳನ್ನು ಉಳಿದ ಕಡೆ ಯಾರೂ ಪೂರ್ತಿಯಾಗಿ ಕೇಳಿರಲಿಲ್ಲ. ಎಂಜಿನ್ ಕಾದ ಮೇಲೆಯೋ ಮೊದಲೋ? ಯಾವ ಗೇರಿನಲ್ಲಿ? ಎಸಿ ಹಾಕಿತ್ತಾ? ಎಷ್ಟು ಜನ ಕೂತಿದ್ದರು? ಹಿಂದೆ ಕಪ್ಪು ಹೊಗೆ ಬಂತಾ? ಆಮೇಲೆ ಏರ್ ಫಿಲ್ಟರ್ ತೆಗೆದರು. ಅದಿರಿನ ಧೂಳು ಕೂತು ಕೆಂಪಾಗಿತ್ತು. ಧೂಳಿನ ಜಾಗದಲ್ಲಿ ಫಿಲ್ಟರನ್ನು ಬೇಗ ಬದಲಿಸಬೇಕು ಅಂತ ಕಾರಿನ ಜೊತೆ ಕೊಡುವ ಪುಸ್ತಕದಲ್ಲೇ ಇರುತ್ತದೆ. ಶೋರೂಂನವರು ಎಲ್ಲಾ ಊರಿಗೂ ಒಂದೇ ಲೆಕ್ಕ ಹಿಡಿಯುತ್ತಾರೆ. ಸಂಡೂರು, ತೋರಣಗಲ್ಲು ಕಡೆ ಓಡಾಡುವವರು ಆ ಲೆಕ್ಕ ನಂಬಬೇಡಿ.

ಮರುದಿನ ಮಧ್ಯಾಹ್ನ, ಬಿಸಿಲು ಏರಿದ ಮೇಲೆ ಬನ್ನಿ ಅಂದರು. ನಾನು ಓಡಿಸಿದೆ, ಚಾಚಾ ಪಕ್ಕದಲ್ಲಿ, ಮಗ ಹಿಂದಿನ ಸೀಟಲ್ಲಿ ಸ್ಕ್ಯಾನರ್ ಹಿಡಿದು. ಸಂಡೂರಿನ ಏರಿನಲ್ಲಿ ಪೂರ್ತಿ ಒತ್ತು ಅಂದರು. ಎಂಜಿನ್ ಕಂಪ್ಯೂಟರ್ ಟರ್ಬೊದಿಂದ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಎಷ್ಟು ಗಾಳಿ ಒತ್ತಡ ಕೇಳುತ್ತಿದೆ, ಎಷ್ಟು ಸಿಗುತ್ತಿದೆ ಅಂತ ಎರಡು ಅಂಕಿ ಅಕ್ಕಪಕ್ಕ ಓಡುತ್ತಿದ್ದವು. ಕೇಳುವುದು ಏರಿತು, ಸಿಗುವುದು ಅರ್ಧದಲ್ಲೇ ನಿಂತಿತು. ಪಿಕಪ್ ಹೋಯಿತು, ಲೈಟು ಬಂತು. ಕೋಡು ಪಿ0299, ಅಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ. ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಪವರ್ ಕಡಿಮೆ ಮಾಡಿಬಿಡುತ್ತದೆ.

ರಸ್ತೆ ಪಕ್ಕ ನಿಲ್ಲಿಸಿದ ಕೂಡಲೇ ಚಾಚಾ ಟರ್ಬೊದ ಹೋಸ್ ಪೈಪಿನ ಕೆಳಗೆ ಬಟ್ಟೆ ಹಾಕಿ ಒರೆಸಿದರು. ಬಟ್ಟೆಗೆ ಆಯಿಲ್ ಅಂಟಿತು. ಕ್ಲಾಂಪಿನ ಹತ್ತಿರ, ಮೇಲಿಂದ ಕಾಣದ ಕಡೆ, ರಬ್ಬರ್ ಸೀಳಿತ್ತು. 'ನೋಡಮ್ಮಾ, ತಣ್ಣಗಿದ್ದಾಗ ಬಾಯಿ ಮುಚ್ಚತೈತಿ. ಕಾದು ಪ್ರೆಷರ್ ಬಂದ್ರ ಬಿಡತೈತಿ' ಅಂದರು.

ಡಿಪಿಎಫ್ ಲೈಟಿಗೂ ಕಾರಣ ಇದೇ. ಗಾಳಿ ಸೋರಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿ ಜಾಸ್ತಿ ಆಗುತ್ತದೆ, ಫಿಲ್ಟರ್ ಬೇಗ ತುಂಬುತ್ತದೆ. ಶೋರೂಂನಲ್ಲಿ ಸುಟ್ಟಿದ್ದು ಮಸಿಯನ್ನು, ಮಸಿ ಬರುವ ಕಾರಣವನ್ನಲ್ಲ. ಹಾಗೆ ಪದೇ ಪದೇ ಸುಡಿಸಿದ್ದಕ್ಕೆ ಇನ್ನೊಂದು ತೊಂದರೆಯೂ ಆಗಿತ್ತು. ಚಾಚಾ ಡಿಪ್‌ಸ್ಟಿಕ್ ಎಳೆದು ತೋರಿಸಿದರು. ಆಯಿಲ್ ಮೇಲಿನ ಗೆರೆ ದಾಟಿತ್ತು. ಸುಡುವಾಗ ಹಾಯಿಸಿದ ಡೀಸೆಲ್ ಸ್ವಲ್ಪ ಸ್ವಲ್ಪವಾಗಿ ಎಂಜಿನ್ ಆಯಿಲಿಗೆ ಇಳಿದು ಅದನ್ನು ನೀರು ಮಾಡುತ್ತದೆ. ಆಯಿಲನ್ನೂ ಬದಲಿಸಿದೆವು. ಡಿಪಿಎಫ್ ಇರುವ ಗಾಡಿಯವರು ದಯವಿಟ್ಟು ಆಯಿಲ್ ಮಟ್ಟ ನೋಡುತ್ತಿರಿ. ಕಡಿಮೆಯಾದರೆ ಮಾತ್ರವಲ್ಲ, ಜಾಸ್ತಿಯಾದರೂ ಗಾಬರಿಯಾಗಬೇಕು.

ಹೊಸ ಹೋಸ್ ಪೈಪನ್ನು ಶೋರೂಂನ ಸ್ಪೇರ್ಸ್ ಕೌಂಟರಿನಲ್ಲೇ ಕೊಂಡು ಚಾಚಾ ಕೈಯಲ್ಲಿ ಹಾಕಿಸಿದೆ. ಕೆಲವು ಸಾವಿರದಲ್ಲಿ ಮುಗಿಯಿತು. ಒಂದು ಬೇಸಿಗೆ ಕಳೆದಿದೆ, ಪಿಕಪ್ ಹೋಗಿಲ್ಲ.

ಹಾಗಂತ ಎಲ್ಲದಕ್ಕೂ ಗ್ಯಾರೇಜಿಗೇ ಹೋಗಿ ಅನ್ನುವುದಿಲ್ಲ. ಚಾಚಾ ಹತ್ತಿರ ಬಿಲ್ ಕೇಳಿದರೆ ಒಂದು ಚೀಟಿ ಬರುತ್ತದೆ. ನಾಳೆ ಅಂದರೆ ನಾಡಿದ್ದು. ಮಗ ಒಮ್ಮೆ 'ಅಕ್ಕಾ, ಡಿಪಿಎಫ್ ತೆಗೆದುಬಿಡೋಣ, ಚಿಂತೇನೇ ಇರಂಗಿಲ್ಲ' ಅಂದ. ಹೊರಗಿನ ಗ್ಯಾರೇಜುಗಳಲ್ಲಿ ಈ ಮಾತು ಸಾಮಾನ್ಯ. ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಈ ಜಿಲ್ಲೆಯ ಮಕ್ಕಳು ಈಗಾಗಲೇ ಸಾಕಷ್ಟು ಧೂಳು ಕುಡಿಯುತ್ತಿದ್ದಾರೆ, ನನ್ನ ಗಾಡಿಯ ಮಸಿಯೂ ಸೇರುವುದು ಬೇಡ ಅಂದೆ. ಚಾಚಾನೂ ಮಗನನ್ನು ಸುಮ್ಮನಿರಿಸಿದರು.

ಏರ್‌ಬ್ಯಾಗ್, ಸಾಫ್ಟ್‌ವೇರ್, ಕಂಪನಿ ವಾಪಸ್ ಕರೆದು ಬದಲಿಸುವ ಪಾರ್ಟು, ವಾರಂಟಿಯಲ್ಲಿರುವ ದೊಡ್ಡ ಕೆಲಸ, ಇವಕ್ಕೆ ಶೋರೂಮೇ ಸರಿ. ನಾನೂ ಅಲ್ಲಿಗೇ ಹೋಗುತ್ತೇನೆ. ಹೋಗುವ ರೀತಿ ಮಾತ್ರ ಬದಲಾಗಿದೆ. ತೊಂದರೆಯನ್ನು ನನ್ನ ಮಾತಿನಲ್ಲೇ ಜಾಬ್ ಕಾರ್ಡಿಗೆ ಬರೆಸುತ್ತೇನೆ. ಅಳಿಸುವ ಮೊದಲು ಕೋಡಿನ ಫೋಟೋ ತೆಗೆದುಕೊಳ್ಳುತ್ತೇನೆ. ಬದಲಿಸಿದ ಹಳೇ ಪಾರ್ಟನ್ನು ಕೇಳಿ ತೋರಿಸಿಕೊಳ್ಳುತ್ತೇನೆ. ಫೋನಿಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಅದೀಗ ಡ್ಯಾಶ್‌ಬೋರ್ಡಿನ ಡಬ್ಬದಲ್ಲಿದೆ.

ಹೊರಗೆ ಕೈ ಹಾಕಿಸಿದರೆ ವಾರಂಟಿ ಪೂರ್ತಿ ಹೋಯಿತು ಅಂತ ಅಡ್ವೈಸರ್ ಹೆದರಿಸಿದರು. ಈ ವಿಷಯ 2014ರಲ್ಲೇ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಬಂದಿತ್ತು. ಹೊರಗೆ ರಿಪೇರಿ ಮಾಡಿಸಿದರು ಅನ್ನುವ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಮಾಡಬಾರದು, ಆ ರಿಪೇರಿಯಿಂದ ಹಾಳಾದಷ್ಟಕ್ಕೆ ಮಾತ್ರ ವಾರಂಟಿ ಇಲ್ಲ ಅನ್ನಬಹುದು ಅಂತ 14 ಕಾರು ಕಂಪನಿಗಳಿಗೆ ಆಯೋಗ ಹೇಳಿತು. ಕೆಲವು ಕಂಪನಿಗಳು ಮೇಲ್ಮನವಿಗೂ ಹೋದವು. ನಿಮ್ಮ ವಾರಂಟಿ ಪುಸ್ತಕದ ಷರತ್ತು ಓದಿಕೊಂಡು, 'ಯಾವ ಪಾರ್ಟಿಗೆ, ಯಾಕೆ ಇಲ್ಲ ಅಂತ ಬರೆದುಕೊಡಿ' ಅಂತ ಕೇಳಿ. ನಾನು ಕೇಳಿದೆ. ಬರೆದುಕೊಡಲಿಲ್ಲ, ಆದರೆ ಆ ಮಾತೂ ಮತ್ತೆ ಬರಲಿಲ್ಲ.

ಅದೇ ತೊಂದರೆಗೆ ದುಡ್ಡು ಕೊಟ್ಟು ಕೊಟ್ಟು ಸುಸ್ತಾದವರು 1915ಕ್ಕೆ ಫೋನ್ ಮಾಡಬಹುದು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಹೆಡ್ ಆಫೀಸು ಎಲ್ಲೇ ಇರಲಿ. ಸಾಮಾನ್ಯವಾಗಿ ಎರಡು ವರ್ಷದೊಳಗೆ ಕೊಡಬೇಕು. ಅಲ್ಲಿ ಲೆಕ್ಕಕ್ಕೆ ಬರುವುದು ಕಾಗದ. ಹಾಗಾಗಿ ಪ್ರತಿ ಜಾಬ್ ಕಾರ್ಡ್, ಪ್ರತಿ ಬಿಲ್, ಚಾಚಾ ಕೊಟ್ಟ ಚೀಟಿ ಸಮೇತ, ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಸೆನ್ಸರ್ ಮತ್ತು ಇಜಿಆರ್ ಕೆಲಸದ ದುಡ್ಡು ವಾಪಸ್ ಕೊಡಿ ಅಂತ ಶೋರೂಂಗೆ ಪತ್ರ ಕೊಟ್ಟು ಸೀಲ್ ಹಾಕಿಸಿಕೊಂಡು ಬಂದಿದ್ದೇನೆ. ಉತ್ತರ ಬರದಿದ್ದರೆ ಆ ಫೈಲ್ ಹಿಡಿದುಕೊಂಡು ಆಯೋಗಕ್ಕೆ ಹೋಗುತ್ತೇನೆ.