ಕೋಣೆ ಬದಲಾದರೆ ಆಪರೇಷನ್ ದರವೂ ಬದಲು: ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಅನುಭವ

ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯೊಂದರಲ್ಲಿ ನಮ್ಮ ತಾಯಿಯವರಿಗೆ ಪಿತ್ತಕೋಶದ ಕಲ್ಲಿಗಾಗಿ ಲ್ಯಾಪರೋಸ್ಕೋಪಿ ಮಾಡಿಸಿದೆವು. ಚಿಕಿತ್ಸೆಯ ಬಗ್ಗೆ ನನ್ನ ದೂರೇನೂ ಇಲ್ಲ. ಸರ್ಜನ್ ಹಿಂದಿನ ದಿನವೇ ಅಮ್ಮನ ಪಕ್ಕದಲ್ಲಿ ಕುಳಿತು, ಹೊಟ್ಟೆಯ ಯಾವ ಭಾಗದಲ್ಲಿ ರಂಧ್ರ ಮಾಡುತ್ತಾರೆಂದು ಚಿತ್ರ ಬರೆದು ತೋರಿಸಿದರು. ರಾತ್ರಿಪಾಳಿಯ ದಾದಿಯರು ಕರೆದ ಕೂಡಲೇ ಬಂದರು. ಆದರೆ ಬಿಲ್ಲಿನ ವಿಷಯದಲ್ಲಿ ಆಸ್ಪತ್ರೆ ನಡೆದುಕೊಂಡ ರೀತಿಯನ್ನು ಒಪ್ಪಲಾರೆ.

ಅಡ್ಮಿಟ್ ಆಗುವಾಗ ಇಬ್ಬರು ಹಂಚಿಕೊಳ್ಳುವ ಕೋಣೆ ಖಾಲಿಯಿಲ್ಲವೆಂದು ದಿನಕ್ಕೆ 8,000 ರೂಪಾಯಿಯ ಪ್ರೈವೇಟ್ ರೂಮ್ ಕೊಟ್ಟರು. ಬಾಡಿಗೆಯಷ್ಟೇ ಹೆಚ್ಚಾಗುತ್ತದೆಂದು ತಿಳಿದು ಸಹಿ ಹಾಕಿದೆ. ಕೋಣೆಯ ದರ್ಜೆ ಏರಿದಂತೆ ಸರ್ಜನ್, ಅರಿವಳಿಕೆ ತಜ್ಞರು, ಆಪರೇಷನ್ ಥಿಯೇಟರ್, ವೈದ್ಯರ ಪ್ರತಿ ಭೇಟಿ, ಇವೆಲ್ಲದರ ಶುಲ್ಕವೂ ಏರುತ್ತದೆ ಎಂಬುದು ಗೊತ್ತಾದದ್ದು ಡಿಸ್ಚಾರ್ಜ್ ದಿನ, ಅಮ್ಮ ಗಾಲಿಕುರ್ಚಿಯಲ್ಲಿ ಔಷಧದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಾಗ. ಅದೇ ಮೇಜಿನ ಮೇಲೆ, ಅದೇ ವೈದ್ಯರು, ಅದೇ ಉಪಕರಣಗಳಿಂದ ಮಾಡುವ ಕೆಲಸದ ಬೆಲೆ, ರೋಗಿ ಆಮೇಲೆ ಎಲ್ಲಿ ಮಲಗುತ್ತಾರೆ ಎಂಬುದರ ಮೇಲೆ ನಿಗದಿಯಾಗುವುದು ನ್ಯಾಯವಲ್ಲ. ನಗರದ ಆಸ್ಪತ್ರೆಗಳಿಗೆ ಜಾಗ, ಯಂತ್ರ, ಸಿಬ್ಬಂದಿಯ ಸಂಬಳ ಎಲ್ಲವೂ ದುಬಾರಿ ಎಂಬುದನ್ನು ಬಲ್ಲೆ. ಆದರೆ ಕೋಣೆ ಬದಲಾಯಿತೆಂದು ಥಿಯೇಟರಿನೊಳಗಿನ ಖರ್ಚು ಹೆಚ್ಚುವುದಿಲ್ಲ.

ವಿಮೆಯಲ್ಲಿ ಪೆಟ್ಟು ಇನ್ನೂ ಜೋರಾಗಿ ಬಿತ್ತು. ನಮ್ಮ 4 ಲಕ್ಷ ರೂಪಾಯಿ ಪಾಲಿಸಿಯಲ್ಲಿ ಕೋಣೆ ಬಾಡಿಗೆಯ ಮಿತಿ ದಿನಕ್ಕೆ ವಿಮಾ ಮೊತ್ತದ ಶೇ. 1, ಅಂದರೆ 4,000. ಅದರ ಎರಡರಷ್ಟು ಬಾಡಿಗೆಯ ಕೋಣೆಯಲ್ಲಿದ್ದೆವೆಂದು ವಿಮಾ ಕಂಪನಿಯ ಪರವಾಗಿ ಕ್ಲೇಮ್ ಪರಿಶೀಲಿಸುವ ಟಿಪಿಎಯವರು ವೈದ್ಯರ ಮತ್ತು ಥಿಯೇಟರ್ ಶುಲ್ಕಗಳಲ್ಲೂ ಅರ್ಧವನ್ನಷ್ಟೇ ಮಂಜೂರು ಮಾಡಿದರು. ಔಷಧ ಮತ್ತು ತಪಾಸಣೆಗಳಿಗೆ ಮಾತ್ರ ಈ ಕಡಿತ ಇರಲಿಲ್ಲ. ಕೈಗವಸು, ಮಾಸ್ಕ್‌ಗಳ ಹಣ ಪೂರ್ತಿ ನಮ್ಮ ಮೇಲೆಯೇ ಬಿತ್ತು. ಐಸಿಯು ಹೊರತುಪಡಿಸಿ ದಿನಕ್ಕೆ 5,000 ರೂಪಾಯಿ ಮೀರಿದ ಕೋಣೆಗಳಿಗೆ 2022ರ ಜುಲೈನಿಂದ ಶೇ. 5ರಷ್ಟು ಜಿಎಸ್‌ಟಿ ಇರುವುದರಿಂದ, ದಿನಕ್ಕೆ 400 ರೂಪಾಯಿ ಅದೂ ಸೇರಿತು.

ಎರಡು ಬಾರಿ ಕೇಳಿದ ಮೇಲೆ ಬಿಲ್ಲಿಂಗ್ ಕೌಂಟರಿನವರು ಡ್ರಾಯರಿನಿಂದ ದರಪಟ್ಟಿಯೊಂದನ್ನು ತೆಗೆದರು. ಯಾವ ಕೋಣೆಗೆ ಯಾವ ಶುಲ್ಕ ಎಷ್ಟೆಂದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ದರಗಳನ್ನು ನೋಟಿಸ್ ಬೋರ್ಡಿನಲ್ಲಿ ಪ್ರಕಟಿಸಬೇಕೆಂದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯೇ ಹೇಳುತ್ತದೆ. ಆ ಹಾಳೆಯನ್ನು ಅಡ್ಮಿಷನ್ ದಿನವೇ ತೋರಿಸಿದ್ದರೆ ಜನರಲ್ ವಾರ್ಡನ್ನೇ ಕೇಳುತ್ತಿದ್ದೆವು, ಇಲ್ಲವೇ ಆಪರೇಷನ್ನನ್ನು ಎರಡು ದಿನ ಮುಂದೂಡುತ್ತಿದ್ದೆವು. ಅಮ್ಮನದು ತುರ್ತು ಸ್ಥಿತಿಯಾಗಿರಲಿಲ್ಲ.

ವೈದ್ಯರಿಗೆ ಐದಕ್ಕೆ ಐದು ಅಂಕ, ಬಿಲ್ಲಿಂಗ್ ವಿಭಾಗಕ್ಕೆ ಒಂದು. ಇಲ್ಲಿಗೆ ಹೋಗುವವರು ಕೋಣೆಯ ಫಾರಂಗೆ ಸಹಿ ಹಾಕುವ ಮುನ್ನ ಆ ದರಪಟ್ಟಿಯನ್ನು ಕೇಳಿ ಪಡೆಯಿರಿ.