ರೈಜೋಬಿಯಂ, ಅಜೋಸ್ಪಿರಿಲಂ, ಅಜಟೋಬ್ಯಾಕ್ಟರ್: ನಿಮ್ಮ ಹೊಲಕ್ಕೆ ಯಾವುದು?

ರಾಗಿ ಜೊತೆ ಅಕ್ಕಡಿಯಾಗಿ ತೊಗರಿ ಹಾಕುತ್ತೇನೆ, ಈ ಮೂರು ಜೈವಿಕ ಗೊಬ್ಬರಗಳಲ್ಲಿ ಯಾವುದರ ಪೊಟ್ಟಣ ತರಲಿ ಎಂದು ಕೇಳಿದ್ದೀರಿ. ಮೂರೂ ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳೇ. ಬದುಕುವ ರೀತಿ ಮಾತ್ರ ಬೇರೆ.

ಸಾರಜನಕದ ಲೆಕ್ಕದಲ್ಲಿ ರೈಜೋಬಿಯಂ ಮುಂದು. ಆದರೆ ಅದು ದ್ವಿದಳ ಬೆಳೆಯ ಬೇರೊಳಗೆ ಹೊಕ್ಕು ಗಂಟು ಕಟ್ಟಿದರೆ ಮಾತ್ರ. ರಾಗಿಗೆ ಹಾಕಿದರೆ ಗಂಟೇ ಕಟ್ಟದು. ಬೆಳೆಗೆ ತಕ್ಕ ರೈಜೋಬಿಯಂ ತಳಿಯೂ ಬೇಕು: ಸೋಯಾ ಪೊಟ್ಟಣ ತೊಗರಿಗೆ ತರಬೇಡಿ. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣು ಸಮೇತ ಅಗೆದು, ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪಿದ್ದರೆ ಕೆಲಸ ನಡೆದಿದೆ, ಬಿಳಿಚಿಕೊಂಡಿದ್ದರೆ ಇಲ್ಲ. ಆ ಕೆಂಪು ಕಂಡಾಗಿನ ಖುಷಿಯೇ ಬೇರೆ!

ಅಜೋಸ್ಪಿರಿಲಂ ರಾಗಿ, ಜೋಳದಂಥ ಬೆಳೆಗಳ ಬೇರಿಗೆ ಅಂಟಿಕೊಂಡು ಬದುಕುತ್ತದೆ. ಕೊಡುವ ಸಾರಜನಕ ಕಡಿಮೆ, ಆದರೆ ಬೇರು ಕವಲೊಡೆಯಲು ನೆರವಾಗುತ್ತದೆ. ಮಳೆಯಾಶ್ರಯದಲ್ಲಿ ಅದೇ ದೊಡ್ಡದು.

ತಾಳಿಕೆಯಲ್ಲಿ ಅಜಟೋಬ್ಯಾಕ್ಟರ್ ಗಟ್ಟಿ. ಒಣಗಿದರೆ ದಪ್ಪ ಕವಚದೊಳಗೆ ಕಾದಿರುತ್ತದೆ. ಹತ್ತಿ, ತರಕಾರಿಗೆ ಒಳ್ಳೆಯದು. ಕೊಟ್ಟಿಗೆ ಗೊಬ್ಬರ ಸಾಕಷ್ಟಿರಬೇಕು, ಹುಳಿ ಮಣ್ಣು ಆಗಿಬರದು.

ಖರ್ಚು ಮೂರಕ್ಕೂ ಅಲ್ಪ. ಬಳಕೆಯೂ ಒಂದೇ: ಆರಿದ ಬೆಲ್ಲದ ಪಾಕದಲ್ಲಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ, ಅಂದೇ ಬಿತ್ತಿ.

ನಿಮಗಾದರೆ ತೊಗರಿ ಬೀಜಕ್ಕೆ ರೈಜೋಬಿಯಂ, ರಾಗಿಗೆ ಅಜೋಸ್ಪಿರಿಲಂ, ಎರಡನ್ನೂ ತನ್ನಿ. ಮುಂದೆ ಅದೇ ಹೊಲಕ್ಕೆ ಬದನೆ ಹಾಕಿ, ಗೊಬ್ಬರವೂ ಕೈಲಿದ್ದರೆ ಅಜಟೋಬ್ಯಾಕ್ಟರ್ ನೋಡಬಹುದು.