ಖಮ್ರಾನೋ, ಖಮ್ರಾ ಖಹ್ವಾನೋ? ಎರಡನ್ನೂ ಬಳಸಿ ನೋಡಿದ ಮೇಲೆ

ಲತ್ತಾಫಾ ಕಂಪನಿಯ ಈ ಎರಡು ಸೆಂಟುಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ಮೊದಲು ಖಮ್ರಾ ತಗೊಳ್ಳಿ. ಖಹ್ವಾ ಕೂಡ ನನಗೆ ತುಂಬಾ ಇಷ್ಟ, ಆದರೆ ಅದು ಆಮೇಲೆ ಬರಲಿ.

ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಹೊಡೆದು ಮೂಸಿದರೆ ಎರಡೂ ಒಂದೇ ಅನಿಸುತ್ತವೆ. ಅನಿಸಲೇಬೇಕು, ಅಲ್ವಾ? ಚಕ್ಕೆ, ಪ್ರಲೀನ್ (ಸಕ್ಕರೆ ಪಾಕ ಹಾಕಿದ ಬಾದಾಮಿಯಂಥ ಬೀಜಗಳ ಮಿಠಾಯಿ), ವೆನಿಲಾ, ವೆನಿಲಾದಂತೆಯೇ ಸಿಹಿ ಘಮದ ಟೊಂಕಾ ಬೀಜ ಎರಡರಲ್ಲೂ ಇವೆ. ತಳದಲ್ಲಿ, ಅಂದರೆ ಕೊನೆಗೆ ಉಳಿಯುವ ವಾಸನೆಯಲ್ಲಿ, ಸಾಂಬ್ರಾಣಿಯ ಘಮವೂ ಇದೆ. 2022ರ ಖಮ್ರಾದಲ್ಲಿ ಖರ್ಜೂರ ಇದ್ದರೆ, ಮರುವರ್ಷ ಬಂದ ಖಹ್ವಾದಲ್ಲಿ ಸಕ್ಕರೆ ಪಾಕದ ಹಣ್ಣು, ಏಲಕ್ಕಿ, ಶುಂಠಿ, ಕಾಫಿ.

ಮೈಮೇಲೆ ಹಾಕಿಕೊಂಡಾಗ ಕಥೆಯೇ ಬೇರೆ. ಖಮ್ರಾದಲ್ಲಿ ಮೊದಲು ಚಕ್ಕೆ, ಜಾಯಿಕಾಯಿ ಖಾರವಾಗಿ ಮೂಗಿಗೆ ಬಡಿಯುತ್ತವೆ. ಅದು ಇಳಿಯುತ್ತಿದ್ದ ಹಾಗೆ ಖರ್ಜೂರ ಮೇಲೆ ಬರುತ್ತದೆ. ತುಪ್ಪದಲ್ಲಿ ಬಾಡಿಸಿದಂಥ ದಟ್ಟ, ಬಿಸಿ ಸಿಹಿ. ಕಡಲೆಕಾಯಿ ಪರಿಷೆಯ ಹೊತ್ತಿನ ಚಳಿಗೆ ಇದಕ್ಕಿಂತ ಒಳ್ಳೆಯ ಸೆಂಟು ನನಗೆ ಸಿಕ್ಕಿಲ್ಲ. ಬಸವನಗುಡಿಯ ಆ ಜನಜಂಗುಳಿಯಲ್ಲೂ ಸ್ವೆಟರಿನ ಕಾಲರ್‌ನಿಂದ ಆಗಾಗ ಎದ್ದು ಬರುತ್ತದೆ. ಮರುದಿನ ಬೀರು ತೆಗೆದರೂ ಅದೇ ಘಮ.

ಖಹ್ವಾದಲ್ಲಿ ಫಿಲ್ಟರ್ ಕಾಫಿ ಹುಡುಕಬೇಡಿ. ಡಿಕಾಕ್ಷನ್ ವಾಸನೆ ಅಲ್ಲ, ಹುರಿದ ಬೀಜದ ಸಣ್ಣ ಕಹಿ ಅಷ್ಟೇ, ಅದೂ ಸಿಹಿಯ ಹಿಂದೆ. ಇದರ ನಿಜವಾದ ಚೆಂದ ಏಲಕ್ಕಿಯಲ್ಲಿದೆ. ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಹಾಯೆನಿಸುತ್ತದೆ. ಮಾರ್ಚ್, ಏಪ್ರಿಲ್ ಬಿಸಿಲಿಗೂ ಇದೇ ವಾಸಿ. ಸೆಕೆಯಲ್ಲಿ ಸೆಂಟು ಬೇಗ ಆವಿಯಾಗುವುದರಿಂದ ಸಿಹಿಯೆಲ್ಲ ಒಟ್ಟಿಗೇ ಹೊರಬರುತ್ತದೆ. ಕಹಿ, ಮಸಾಲೆ ಇದ್ದರೆ ಆ ಸಿಹಿ ಸ್ವಲ್ಪ ಹದಕ್ಕೆ ಬರುತ್ತದೆ. ಹಾಗಿದ್ದರೂ ಮೆಟ್ರೋದಲ್ಲಿ ಹೋಗುವವರು ಶರ್ಟಿನ ಒಳಗೆ ಒಂದೇ ಸಲ ಹೊಡೆದುಕೊಳ್ಳಿ. ಪಕ್ಕದವರಿಗೂ ಮೂಗಿದೆ.

ಹಾಗಾದರೆ ಖಮ್ರಾನೇ ಮೊದಲು ಯಾಕೆ? ಕೆಲವು ಗಂಟೆ ಕಳೆದರೆ ಎರಡೂ ಅದೇ ವೆನಿಲಾ, ಸಾಂಬ್ರಾಣಿಗೆ ಬಂದು ನಿಲ್ಲುತ್ತವೆ. ನಾವು ದುಡ್ಡು ಕೊಡುವುದು ನಡುವಿನ ಹೊತ್ತಿನ ಘಮಕ್ಕೆ. ನನ್ನ ಮೈಮೇಲೆ ಆ ಹೊತ್ತಿಗೆ ಖಹ್ವಾದ ಏಲಕ್ಕಿ, ಕಾಫಿ ಎರಡೂ ತೆಳುವಾಗಿರುತ್ತವೆ. ಖರ್ಜೂರ ಮಾತ್ರ ಗಟ್ಟಿಯಾಗಿ ಕೂತಿರುತ್ತದೆ. ನಮ್ಮ ಊರಿನ ಸಂಜೆಗಳು ವರ್ಷದಲ್ಲಿ ಬಹುಪಾಲು ತಂಪೇ. ಅದಕ್ಕೂ ಸರಿಹೊಂದುತ್ತದೆ.

ಮದುವೆಗೆ ಹಾಕಿಕೊಳ್ಳುವವರಿಗೆ ಒಂದು ಮಾತು. ರೇಷ್ಮೆ ಸೀರೆಗೆ ನೇರವಾಗಿ ಹೊಡೆಯಬೇಡಿ, ಕಲೆ ಉಳಿಯಬಹುದು. ಮೊದಲೇ ಕತ್ತು, ಮೊಣಕೈ ಒಳಗೆ ಹಾಕಿಕೊಂಡು, ಆರಿದ ಮೇಲೆ ಸೀರೆ ಉಡಿ.

ಎರಡೂ 100 ಮಿಲಿ ಬಾಟಲಿ, ಬೇಗ ಮುಗಿಯುವಂಥದ್ದಲ್ಲ. ಹಾಗಾಗಿ ಅವಸರ ಬೇಡ. ಒಂದು ಕೈಗೆ ಖಮ್ರಾ, ಇನ್ನೊಂದಕ್ಕೆ ಖಹ್ವಾ ಹಾಕಿಸಿಕೊಂಡು ಕಮರ್ಷಿಯಲ್ ಸ್ಟ್ರೀಟಿನ ಬಿಸಿಲಲ್ಲಿ ಆರಾಮಾಗಿ ಸುತ್ತಾಡಿ ಬನ್ನಿ, ಆಮೇಲೆ ದುಡ್ಡು ಕೊಡಿ.